ಮಷೀನ್ ಮಾರಿದರೆ ಲಾಭ ಬರಲ್ಲ: ಗೇಮ್ ಕನ್ಸೋಲ್ ವ್ಯಾಪಾರಕ್ಕೆ ಹೊಸಬರು ಇಳಿಯೋದು ಯಾಕಿಷ್ಟು ಕಷ್ಟ?

ದಾವಣಗೆರೆಯ ಎಂಜಿನಿಯರಿಂಗ್ ಹುಡುಗರ ಜೊತೆ ಗೇಮ್ ವಿಷಯ ಮಾತಾಡಲು ಕೂತರೆ ಒಂದು ಪ್ರಶ್ನೆ ಬಂದೇ ಬರುತ್ತದೆ. ನಮ್ಮಲ್ಲಿ ಇಷ್ಟೊಂದು ಸಾಫ್ಟ್‌ವೇರ್ ಎಂಜಿನಿಯರ್‌ಗಳಿದ್ದಾರೆ, ಮೊಬೈಲ್ ಜೋಡಿಸುವ ಫ್ಯಾಕ್ಟರಿಗಳಿವೆ. ಹಾಗಿದ್ದ ಮೇಲೆ ಪ್ಲೇಸ್ಟೇಷನ್ ಥರದ ಒಂದು ಕನ್ಸೋಲನ್ನು, ಅಂದರೆ ಟಿವಿಗೆ ಜೋಡಿಸಿ ಗೇಮ್ ಆಡುವ ಮಷೀನನ್ನು, ನಮ್ಮವರೇ ಯಾಕೆ ಮಾಡಬಾರದು?

ಕೇಳಬೇಕಾದ ಪ್ರಶ್ನೆಯೇ. ಆದರೆ "ನಮಗೆ ಅಷ್ಟು ಟೆಕ್ನಾಲಜಿ ಗೊತ್ತಿಲ್ಲ" ಅನ್ನೋದು ಅದಕ್ಕೆ ಸರಿಯಾದ ಉತ್ತರ ಅಲ್ಲ. ಟೆಕ್ನಾಲಜಿಯನ್ನು ಅರೆದು ಕುಡಿದ ಕಂಪನಿಗಳೇ ಇಲ್ಲಿ ಸೋತು ಹೋಗಿವೆ. ಆಪಲ್ ಸೋತಿದೆ, ಫಿಲಿಪ್ಸ್ ಸೋತಿದೆ, ನೋಕಿಯಾ ಸೋತಿದೆ, ಗೂಗಲ್ ಸೋತಿದೆ. ಸೆಗಾ 1983ರಿಂದ ಕನ್ಸೋಲ್ ಮಾಡುತ್ತಿದ್ದ ಕಂಪನಿ. ಅದೂ 2001ರಲ್ಲಿ ಮಷೀನ್ ಸಹವಾಸವೇ ಸಾಕು ಅಂತ ಕೈಬಿಟ್ಟಿತು. ಇವತ್ತು ದೊಡ್ಡದಾಗಿ ನಿಂತಿರುವುದು ಮೂರೇ ಮೂರು: ಪ್ಲೇಸ್ಟೇಷನ್ ಮಾಡುವ ಸೋನಿ, ಸ್ವಿಚ್ ಮಾಡುವ ನಿಂಟೆಂಡೊ, ಎಕ್ಸ್‌ಬಾಕ್ಸ್ ಮಾಡುವ ಮೈಕ್ರೋಸಾಫ್ಟ್. ಈ ಮೂವರಲ್ಲಿ ಕೊನೆಗೆ ಬಂದದ್ದು ಮೈಕ್ರೋಸಾಫ್ಟ್, ಅದೂ 2001ರಲ್ಲಿ. ಆಮೇಲೆ ಆ ಸಾಲಿಗೆ ಹೊಸದಾಗಿ ಯಾರೂ ಸೇರಿಲ್ಲ.

ಯಾಕೆ ಅಂತ ತಿಳಿಯಬೇಕಾದರೆ ಮಷೀನನ್ನು ಪಕ್ಕಕ್ಕಿಟ್ಟು ಮೊದಲು ಲೆಕ್ಕದ ಪುಸ್ತಕ ತೆಗೆಯಬೇಕು.

ಸುಮ್ನೆ ಒಂದು ಉದಾಹರಣೆ ಹಾಕಿಕೊಳ್ಳೋಣ. ಒಂದು ಕನ್ಸೋಲ್ ಮಾಡಲು ಕಂಪನಿಗೆ 45,000 ರೂಪಾಯಿ ಖರ್ಚು. ಅಂಗಡಿಯಲ್ಲಿ ಬೆಲೆ 40,000. ಅಂದರೆ ಒಂದೊಂದು ಮಷೀನ್ ಮಾರಿದಾಗಲೂ 5,000 ರೂಪಾಯಿ ಕೈಯಿಂದ ಹೋಗುತ್ತದೆ. ಈ ದುಡ್ಡು ವಾಪಸ್ ಬರೋದು ಗೇಮ್‌ಗಳಿಂದ. ಬೇರೆ ಕಂಪನಿ ಮಾಡಿದ ಗೇಮ್ ಆದರೂ ಈ ಮಷೀನ್ ಮೇಲೆ ಮಾರಾಟವಾದರೆ ಮಷೀನ್ ಮಾಡಿದವರಿಗೆ ಪಾಲು ಕೊಡಬೇಕು. ಆನ್‌ಲೈನ್ ಅಂಗಡಿಯಲ್ಲಿ ಆ ಪಾಲು ಸಾಮಾನ್ಯವಾಗಿ ನೂರಕ್ಕೆ 30. ಗೇಮ್ ಬೆಲೆ 4,000 ಅಂತಿಟ್ಟುಕೊಂಡರೆ 1,200 ರೂಪಾಯಿ ಸಿಗುತ್ತದೆ. ಹಾಗಾಗಿ ಒಬ್ಬ ಗಿರಾಕಿ ಐದನೇ ಗೇಮ್ ಕೊಳ್ಳುವವರೆಗೆ ಅವನಿಂದ ಕಂಪನಿಗೆ ಬರೀ ನಷ್ಟ. ಹತ್ತು ಲಕ್ಷ ಮಷೀನ್ ಮಾರಿದರೆ ಮೊದಲೇ 500 ಕೋಟಿ ರೂಪಾಯಿ ಹೊರಗೆ ಹೋಗಿರುತ್ತದೆ. ಇದರಲ್ಲಿ ಜಾಹೀರಾತು, ಗೋದಾಮು, ರಿಪೇರಿ, ಚಿಪ್ ಡಿಸೈನ್ ಯಾವುದೂ ಸೇರಿಲ್ಲ.

ಇದೇನು ಕಲ್ಪನೆ ಅಂದುಕೊಳ್ಳಬೇಡಿ. 2006ರಲ್ಲಿ ಪ್ಲೇಸ್ಟೇಷನ್ 3 ಬಂದಾಗ ಐಸಪ್ಲೈ ಅನ್ನುವ ಸಂಸ್ಥೆ ಅದನ್ನು ಬಿಚ್ಚಿ ಒಂದೊಂದು ಭಾಗದ ಬೆಲೆ ಲೆಕ್ಕ ಹಾಕಿತು. 599 ಡಾಲರಿಗೆ ಮಾರುತ್ತಿದ್ದ ಮಷೀನಿಗೆ ಸುಮಾರು 840 ಡಾಲರ್ ಖರ್ಚು ಅಂತ ಬಂತು. ಇನ್ನು ಮೈಕ್ರೋಸಾಫ್ಟ್. 2021ರಲ್ಲಿ ಗೇಮ್ ಕಂಪನಿ ಎಪಿಕ್ ಮತ್ತು ಆಪಲ್ ನಡುವಿನ ಕೇಸಿನಲ್ಲಿ ಸಾಕ್ಷಿ ಹೇಳಿದ ಅದರ ಅಧಿಕಾರಿಯೊಬ್ಬರು, ಎಕ್ಸ್‌ಬಾಕ್ಸ್ ಮಷೀನ್ ಮಾರಾಟದಿಂದ ಯಾವತ್ತೂ ಲಾಭ ಬಂದಿಲ್ಲ ಅಂತ ಕೋರ್ಟಿನಲ್ಲೇ ಹೇಳಿದರು. ಅಂದರೆ ಇಪ್ಪತ್ತು ವರ್ಷ ಮಾರಿದ ಮೇಲೆ ಬಂದ ಮಾತು ಅದು.

ಗೇಮಿನ ಮೇಲೆ ಪಾಲು ಕೇಳುವ ಈ ಪದ್ಧತಿ ಮೊದಲಿಂದ ಇದ್ದದ್ದಲ್ಲ. 1977ರ ಅಟಾರಿ ಮಷೀನಿಗೆ ಮೊದಮೊದಲು ಅಟಾರಿಯೇ ಗೇಮ್ ಮಾಡುತ್ತಿತ್ತು. 1979ರಲ್ಲಿ ಅಲ್ಲಿನ ಕೆಲವು ಪ್ರೋಗ್ರಾಮರ್‌ಗಳು ಹೊರಬಂದು ಆಕ್ಟಿವಿಷನ್ ಶುರು ಮಾಡಿ, ಅಟಾರಿ ಮಷೀನಿಗೇ ಗೇಮ್ ಮಾರಿದರು. ಅಟಾರಿ ಕೇಸ್ ಹಾಕಿತು, ಕೊನೆಗೆ ರಾಜಿ ಆಯಿತು. ಆಮೇಲೆ ಯಾರು ಬೇಕಾದರೂ ಗೇಮ್ ಮಾಡತೊಡಗಿದರು. ಕಳಪೆ ಗೇಮ್‌ಗಳು ಅಂಗಡಿ ತುಂಬಿದವು. 1983ರಲ್ಲಿ ಅಮೆರಿಕದ ಮಾರುಕಟ್ಟೆ ಕುಸಿದು ಬಿತ್ತು. ಮಾರಾಟವಾಗದ ಗೇಮ್ ಕ್ಯಾಸೆಟ್‌ಗಳನ್ನು ನ್ಯೂ ಮೆಕ್ಸಿಕೋದ ಆಲಮಗಾರ್ಡೋದಲ್ಲಿ ಕಸದ ಗುಂಡಿಗೆ ಹಾಕಿ ಮುಚ್ಚಿದರು. 2014ರಲ್ಲಿ ಅಗೆದಾಗ ಅವುಗಳಲ್ಲಿ ಕೆಲವು ಸಿಕ್ಕವು.

ಆ ಬೂದಿಯ ಮೇಲೆ 1985ರಲ್ಲಿ ಅಮೆರಿಕಕ್ಕೆ ಬಂದ ನಿಂಟೆಂಡೊ, ಮಷೀನಿನೊಳಗೆ ಬೀಗದ ಥರ ಒಂದು ಚಿಪ್ ಹಾಕಿತು. ಕ್ಯಾಸೆಟ್ಟಿನಲ್ಲಿ ಅದರ ಜೋಡಿ ಚಿಪ್ ಇಲ್ಲದಿದ್ದರೆ ಗೇಮ್ ಓಡುವುದಿಲ್ಲ. ಲೈಸೆನ್ಸ್ ಬೇಕು, ಕ್ಯಾಸೆಟ್ ನಿಂಟೆಂಡೊನೇ ಮಾಡಿಕೊಡಬೇಕು, ವರ್ಷಕ್ಕೆ ಐದೇ ಗೇಮ್, ಎರಡು ವರ್ಷ ಆ ಗೇಮ್ ಬೇರೆ ಮಷೀನಿಗೆ ಕೊಡಬಾರದು. ಬಿಗಿಯಾದ ಷರತ್ತುಗಳು. ಆದರೂ ಕಂಪನಿಗಳು ಸಹಿ ಹಾಕಿದವು, ಯಾಕೆಂದರೆ ಗಿರಾಕಿಗಳು ಅಲ್ಲಿದ್ದರು. ಇವತ್ತಿನ ಕನ್ಸೋಲ್ ವ್ಯಾಪಾರದ ಮೂಲ ಈ ಬೀಗ.

ಎರಡೂ ಕಡೆ ಜನ ಬೇಕು

ಹೊಸಬರ ಕಷ್ಟ ಅರ್ಥ ಆಗಬೇಕಾದರೆ ನಮ್ಮ ಎಪಿಎಂಸಿ ಯಾರ್ಡ್ ನೋಡಿದರೆ ಸಾಕು. ಸುಗ್ಗಿಯಲ್ಲಿ ಸುತ್ತಲಿನ ರೈತರು ಮೆಕ್ಕೆಜೋಳವನ್ನು ಇಲ್ಲಿಗೇ ತರುವುದು ಖರೀದಿದಾರರು ಇಲ್ಲಿದ್ದಾರೆ ಅಂತ. ಖರೀದಿದಾರರು ಇಲ್ಲಿಗೇ ಬರುವುದು ಮಾಲು ಇಲ್ಲಿ ಬರುತ್ತೆ ಅಂತ. ಈಗ ಯಾರೋ ಊರಾಚೆ ಇನ್ನೂ ದೊಡ್ಡ ಶೆಡ್ಡು, ಇನ್ನೂ ಒಳ್ಳೆಯ ತೂಕದ ಮಷೀನ್ ಹಾಕಿ ಹೊಸ ಯಾರ್ಡ್ ಕಟ್ಟಿದರು ಅಂತಿಟ್ಟುಕೊಳ್ಳಿ. ಮೊದಲ ದಿನ ಅಲ್ಲಿ ಮಾಲೂ ಇಲ್ಲ, ಕೊಳ್ಳುವವರೂ ಇಲ್ಲ. ಯಾರು ಮೊದಲು ಹೋಗಬೇಕು? ರೈತನಿಗೆ ಮುಂಗಡ ಕೊಟ್ಟು, ಖರೀದಿದಾರನಿಗೆ ರಿಯಾಯಿತಿ ಕೊಟ್ಟು, ಎರಡೂ ಕಡೆಯವರನ್ನು ಕಟ್ಟಿದವನೇ ಕರೆತರಬೇಕು. ಶೆಡ್ಡು ಕಟ್ಟಿದ ಖರ್ಚಿಗಿಂತ ಇದು ಜಾಸ್ತಿ ಆಗುತ್ತದೆ, ಅಲ್ವಾ?

ಕನ್ಸೋಲಿನಲ್ಲಿ ಮಾಲು ತರುವವರು ಗೇಮ್ ಮಾಡುವ ಕಂಪನಿಗಳು. ಅವರ ಲೆಕ್ಕವನ್ನೂ ನೋಡೋಣ. ಒಂದು ದೊಡ್ಡ ಗೇಮಿಗೆ 200 ಕೋಟಿ ರೂಪಾಯಿ ಖರ್ಚಾಗಿದೆ ಅಂತಿಟ್ಟುಕೊಳ್ಳಿ. ಮೇಲಿನ ಲೆಕ್ಕದಂತೆ ಒಂದು ಪ್ರತಿಗೆ ಅವರಿಗೆ ಸಿಗೋದು 2,800 ರೂಪಾಯಿ. ಹಾಕಿದ ದುಡ್ಡು ಬರಲು ಏಳು ಲಕ್ಷಕ್ಕಿಂತ ಜಾಸ್ತಿ ಪ್ರತಿ ಹೋಗಬೇಕು. ಹೊಸ ಕನ್ಸೋಲ್ ಐದು ಲಕ್ಷ ಮನೆಗಳಲ್ಲಿದ್ದರೆ, ಒಬ್ಬರೂ ಬಿಡದೆ ಎಲ್ಲರೂ ಕೊಂಡರೂ ನಷ್ಟ. ಅದೇ ಪ್ಲೇಸ್ಟೇಷನ್ 4ನ್ನು ತೆಗೆದುಕೊಳ್ಳಿ. ಅದು 11.7 ಕೋಟಿಗೂ ಹೆಚ್ಚು ಮಾರಾಟವಾಗಿದೆ. ಅಲ್ಲಿ ನೂರರಲ್ಲಿ ಒಬ್ಬ ಕೊಂಡರೂ ಗೇಮ್ ಕಂಪನಿ ಲಾಭದಲ್ಲಿರುತ್ತದೆ. ನೀವು ಗೇಮ್ ಕಂಪನಿಯ ಜಾಗದಲ್ಲಿದ್ದರೆ ಯಾವ ಮಷೀನಿಗೆ ಗೇಮ್ ಮಾಡುತ್ತೀರಿ?

ಸೆಗಾದ ಡ್ರೀಮ್‌ಕಾಸ್ಟ್‌ಗೆ ಆಗಿದ್ದು ಇದೇ. ಒಳ್ಳೆಯ ಮಷೀನ್, ಇಂಟರ್‌ನೆಟ್‌ಗೆ ಮೋಡೆಮ್ ಒಳಗೇ ಇತ್ತು. ಆದರೆ ಆಟೋಟದ ಗೇಮ್‌ಗಳ ದೊಡ್ಡ ಕಂಪನಿ ಎಲೆಕ್ಟ್ರಾನಿಕ್ ಆರ್ಟ್ಸ್ ಅದಕ್ಕೆ ಒಂದೂ ಗೇಮ್ ಕೊಡಲಿಲ್ಲ. 2000ದಲ್ಲಿ ಪ್ಲೇಸ್ಟೇಷನ್ 2 ಬರುತ್ತೆ ಅಂತ ಜನ ದುಡ್ಡು ಹಿಡಿದು ಕಾದರು. 2001ರ ಮಾರ್ಚ್ ಹೊತ್ತಿಗೆ ಸೆಗಾ ಉತ್ಪಾದನೆ ನಿಲ್ಲಿಸಿತು.

ಕೊಳ್ಳುವವರ ಕಡೆಯ ವಿಷಯ ತಿಳಿಯಲು ವಿದ್ಯಾನಗರದ ಕಡೆಯ ಒಂದು ಗೇಮಿಂಗ್ ಪಾರ್ಲರಿಗೆ ಹೋಗಿದ್ದೆ. ಮೂರು ಟಿವಿ, ಮೂರು ಪ್ಲೇಸ್ಟೇಷನ್, ಒಂದು ಹಳೇ ಸೋಫಾ, ಗಂಟೆಗಿಷ್ಟು ಅಂತ ಬಾಡಿಗೆ. ಸಂಜೆ ಕಾಲೇಜು ಬಿಟ್ಟ ಮೇಲೆ ಹುಡುಗರು ನಾಲ್ಕು ನಾಲ್ಕು ಜನ ಬರುತ್ತಾರೆ. ಓನರನ್ನು ಕೇಳಿದೆ, "ಹೊಸ ಕಂಪನಿ ಕನ್ಸೋಲ್ ಅರ್ಧ ಬೆಲೆಗೆ ಕೊಟ್ಟರೆ ತಗೋತೀರಾ?"

"ಬಿಟ್ಟಿ ಕೊಟ್ರೂ ಜಾಗ ದಂಡ ಸರ್," ಅಂದರು. "ಹುಡುಗ್ರು ಬಂದ ತಕ್ಷಣ ಕೇಳೋದು ಫುಟ್‌ಬಾಲ್ ಗೇಮ್. ಅದು ಅದ್ರಲ್ಲಿ ಬರಲ್ವಲ್ಲ?"

ಆಮೇಲೆ ಕೌಂಟರ್ ಕೆಳಗಿನ ಡಬ್ಬ ಎಳೆದು ತೋರಿಸಿದರು. ಅದರ ತುಂಬ ಬಿಚ್ಚಿದ ಕಂಟ್ರೋಲರ್‌ಗಳು. ಸುಮ್ಮನೆ ಬಿಟ್ಟರೂ ಆಟಗಾರ ತಾನೇ ಒಂದು ಕಡೆ ಓಡುತ್ತಾನಲ್ಲ, ಆ ಸ್ಟಿಕ್ ಡ್ರಿಫ್ಟ್ ಸಮಸ್ಯೆ ಬಂದವು. ಸ್ಟಿಕ್ಕಿನ ಚಿಕ್ಕ ಬಿಡಿಭಾಗವನ್ನು ಆನ್‌ಲೈನಲ್ಲಿ ತರಿಸಿ, ಊರಲ್ಲೇ ಮೊಬೈಲ್ ರಿಪೇರಿ ಮಾಡುವವರ ಹತ್ತಿರ ಬೆಸುಗೆ ಹಾಕಿಸುತ್ತಾರೆ. ಪ್ಲೇಸ್ಟೇಷನ್ ಕಂಟ್ರೋಲರ್ ಬಿಚ್ಚಿ ಬಿಚ್ಚಿ ಆ ರಿಪೇರಿಯವರಿಗೆ ಕೈ ಕುದುರಿದೆ. ಹೊಸ ಕಂಪನಿಯ ಕಂಟ್ರೋಲರ್ ಕೆಟ್ಟರೆ ಬಿಡಿಭಾಗ ಎಲ್ಲಿ? ಬಿಚ್ಚಿ ನೋಡಿದವರು ಯಾರು? ಹಳೇ ಕಂಪನಿಯ ಬಲ ಅಂದರೆ ಬರೀ ಗೇಮ್ ಪಟ್ಟಿ ಅಲ್ಲ. ಗೆಳೆಯರ ಹತ್ತಿರ ಇರುವ ಮಷೀನ್, ಕೈಗೆ ರೂಢಿಯಾದ ಬಟನ್, ಈಗಾಗಲೇ ದುಡ್ಡು ಕೊಟ್ಟು ಕೊಂಡ ಗೇಮ್‌ಗಳು, ಮೂಲೆ ಅಂಗಡಿಯ ರಿಪೇರಿ, ಎಲ್ಲ ಸೇರಿ ಆ ಬಲ. ಇದನ್ನು ಹೊಸಬರು ದುಡ್ಡು ಕೊಟ್ಟು ಒಂದೇ ದಿನದಲ್ಲಿ ಕೊಳ್ಳಲಾಗುವುದಿಲ್ಲ.

ಸೋತವರು

ನನ್ನ ಪ್ರಕಾರ ಸೋಲುಗಳಲ್ಲಿ ಅತಿ ಹೆಚ್ಚು ಕಲಿಸುವುದು 3ಡಿಒ. ಎಲೆಕ್ಟ್ರಾನಿಕ್ ಆರ್ಟ್ಸ್ ಕಟ್ಟಿದ ಟ್ರಿಪ್ ಹಾಕಿನ್ಸ್ ಅವರ ಕಂಪನಿ ಅದು. ಮಷೀನನ್ನು ತಾನೇ ಮಾಡದೆ, ಡಿಸೈನ್ ಮಾತ್ರ ಕೊಟ್ಟು, ಪ್ಯಾನಸಾನಿಕ್ ಥರದ ಕಂಪನಿಗಳ ಕೈಲಿ ಮಾಡಿಸಿತು. ಗೇಮ್ ಕಂಪನಿಗಳಿಂದ ಪ್ರತಿಗೆ ಬರೀ ಮೂರು ಡಾಲರ್ ಪಾಲು. ಕೇಳಲು ಎಷ್ಟು ಚೆನ್ನಾಗಿದೆ! ಆದರೆ ಆ ಮೂರು ಡಾಲರ್ ಹೋಗುತ್ತಿದ್ದದ್ದು 3ಡಿಒಗೆ. ಮಷೀನ್ ಮಾಡುವ ಪ್ಯಾನಸಾನಿಕ್ ತನ್ನ ಲಾಭವನ್ನು ಮಷೀನಿನಲ್ಲೇ ಹುಡುಕಬೇಕಿತ್ತು. ಹಾಗಾಗಿ 1993ರಲ್ಲಿ ಅದು ಅಂಗಡಿಗೆ ಬಂದದ್ದು 699 ಡಾಲರಿಗೆ. ನಷ್ಟಕ್ಕೆ ಮಾರುವವರಿಗೆ ಗೇಮಿನ ಪಾಲು ಸಿಗಬೇಕು. ಆ ಎರಡೂ ಒಂದೇ ಕೈಯಲ್ಲಿ ಇಲ್ಲದಿದ್ದರೆ ಬೆಲೆ ಇಳಿಯುವುದೇ ಇಲ್ಲ. ಕೆಲವೇ ವರ್ಷಗಳಲ್ಲಿ 3ಡಿಒ ಮಷೀನ್ ಮಾರುಕಟ್ಟೆಯಿಂದ ಹೋಯಿತು.

ಔಯಾ ಇದರ ತದ್ವಿರುದ್ಧ. 2012ರಲ್ಲಿ ಜನರಿಂದ ಮುಂಗಡ ದುಡ್ಡು ಸೇರಿಸುವ ಕಿಕ್‌ಸ್ಟಾರ್ಟರ್ ವೆಬ್‌ಸೈಟ್ ಮೂಲಕ 63,000ಕ್ಕೂ ಹೆಚ್ಚು ಜನ ಸುಮಾರು 85 ಲಕ್ಷ ಡಾಲರ್ ಕೊಟ್ಟರು. ಆಂಡ್ರಾಯ್ಡ್ ಮೇಲೆ ಓಡುವ 99 ಡಾಲರಿನ ಮಷೀನ್. ಮೊಬೈಲಿನಲ್ಲಿ ಸಿಗುವ ಗೇಮನ್ನೇ ಟಿವಿಯಲ್ಲಿ ಆಡಲು ಮತ್ತೊಂದು ಮಷೀನ್ ಯಾಕೆ ಕೊಳ್ಳಬೇಕು ಅನ್ನುವುದಕ್ಕೆ ಅದರ ಹತ್ತಿರ ಉತ್ತರ ಇರಲಿಲ್ಲ. ಎಲ್ಲ ಗೇಮನ್ನೂ ಮೊದಲು ಬಿಟ್ಟಿಯಾಗಿ ಆಡಿ ನೋಡಬಹುದಿತ್ತು. ತುಂಬ ಜನ ಅಷ್ಟಕ್ಕೇ ನಿಂತರು. ಗೇಮ್ ಮಾಡಿದವರ ಕೈಗೆ ದುಡ್ಡು ಬರಲಿಲ್ಲ. 2015ರಲ್ಲಿ ರೇಜರ್ ಕಂಪನಿ ಅದರ ಸಾಫ್ಟ್‌ವೇರ್ ಭಾಗವನ್ನು ಕೊಂಡುಕೊಂಡಿತು.

ದುಡ್ಡೇ ಮುಖ್ಯ ಆಗಿದ್ದರೆ ಗೂಗಲ್ ಗೆಲ್ಲಬೇಕಿತ್ತು. 2019ರ ನವೆಂಬರಿನಲ್ಲಿ ಬಂದ ಸ್ಟೇಡಿಯಾಕ್ಕೆ ಮಷೀನೇ ಬೇಡ. ಗೇಮ್ ಗೂಗಲ್ ಸರ್ವರಿನಲ್ಲಿ ಓಡುತ್ತದೆ, ಚಿತ್ರ ನಿಮ್ಮ ಟಿವಿಗೆ ಬರುತ್ತದೆ. ಮಷೀನಿನ ನಷ್ಟ ಒಂದು ಏಟಿಗೆ ಹೋಯಿತು. ಆದರೆ ಗೇಮನ್ನು ಪೂರ್ತಿ ಬೆಲೆ ಕೊಟ್ಟು ಕೊಳ್ಳಬೇಕಿತ್ತು, ಅದೂ ಕಂಪನಿ ನಡೆಸಿದಷ್ಟು ದಿನ ಮಾತ್ರ ನಿಮ್ಮದು. ಗೂಗಲ್ ತನ್ನ ಎಷ್ಟೋ ಸೇವೆಗಳನ್ನು ಹಿಂದೆ ಮುಚ್ಚಿದ್ದು ಜನಕ್ಕೆ ಗೊತ್ತಿತ್ತು. 2021ರ ಫೆಬ್ರವರಿಯಲ್ಲಿ ಸ್ವಂತ ಗೇಮ್ ಸ್ಟುಡಿಯೋ ಮುಚ್ಚುತ್ತೇವೆ ಅಂದಾಗ ಇದ್ದ ನಂಬಿಕೆಯೂ ಹೋಯಿತು. 2023ರ ಜನವರಿ 18ಕ್ಕೆ ಸೇವೆ ನಿಂತಿತು. ಗಿರಾಕಿಗಳ ದುಡ್ಡು ವಾಪಸ್ ಕೊಟ್ಟರು, ಅದು ಒಳ್ಳೆಯ ಕೆಲಸ. ಇಲ್ಲಿ ಹತ್ತು ವರ್ಷ ಇರುತ್ತೇವೆ ಅಂತ ಜನ ನಂಬುವಂತೆ ಮಾಡುವುದೂ ಒಂದು ಖರ್ಚು. ಗೂಗಲ್ ಆ ಖರ್ಚು ಮಾಡಲಿಲ್ಲ.

ಒಳಗೆ ಬಂದವರು

ಸೋನಿ ಬಂದ ದಾರಿ ನೋಡಿ. 1991ರಲ್ಲಿ ಅದು ನಿಂಟೆಂಡೊ ಜೊತೆ ಸೇರಿ ಸಿಡಿ ಮಷೀನ್ ಮಾಡುವುದರಲ್ಲಿತ್ತು. ನಿಂಟೆಂಡೊ ಕೈಕೊಟ್ಟು ಫಿಲಿಪ್ಸ್ ಜೊತೆ ಹೋಯಿತು. ಕೆನ್ ಕುಟರಾಗಿ ಅನ್ನುವ ಎಂಜಿನಿಯರ್ ಪಟ್ಟು ಹಿಡಿದರು, ಸೋನಿ ಒಂಟಿಯಾಗಿ ಇಳಿಯಿತು. 1994ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಪ್ಲೇಸ್ಟೇಷನ್ ಬಂತು.

ಅದು ಗೆದ್ದದ್ದು ಗೇಮ್ ಮಾಡುವವರ ಲೆಕ್ಕವನ್ನೇ ಬದಲಿಸಿ. ನಿಂಟೆಂಡೊ ಕ್ಯಾಸೆಟ್ಟಿನೊಳಗೆ ಮೆಮೊರಿ ಚಿಪ್ ಇರುತ್ತಿತ್ತು, ದುಬಾರಿ. ಆರ್ಡರ್ ಕೊಟ್ಟು, ಮುಂಗಡ ಕಟ್ಟಿ, ವಾರಗಟ್ಟಲೆ ಕಾಯಬೇಕು. ಹಬ್ಬಕ್ಕೆ ಎಷ್ಟು ಹೋಗುತ್ತೆ ಅಂತ ಮೊದಲೇ ಊಹಿಸಬೇಕು. ಜಾಸ್ತಿ ಮಾಡಿಸಿದರೆ ಮಾಲು ಉಳಿಯುತ್ತೆ, ಕಮ್ಮಿ ಮಾಡಿಸಿದರೆ ವ್ಯಾಪಾರ ತಪ್ಪುತ್ತೆ. ಸಿಡಿಗೆ ಆ ತಲೆನೋವು ಇಲ್ಲ. ತುಂಬ ಅಗ್ಗ, ಬೇಕಾದಾಗ ಬೇಗ ಅಚ್ಚು ಹಾಕಿಸಬಹುದು, ಜಾಗವೂ ಜಾಸ್ತಿ. ನಿಂಟೆಂಡೊಗೆ ವರ್ಷಗಟ್ಟಲೆ ಗೇಮ್ ಕೊಟ್ಟ ಸ್ಕ್ವೇರ್ ಕಂಪನಿ ತನ್ನ ಫೈನಲ್ ಫ್ಯಾಂಟಸಿ 7ನ್ನು 1997ರಲ್ಲಿ ಪ್ಲೇಸ್ಟೇಷನ್ನಿಗೆ ತಂದದ್ದರ ಹಿಂದೆ ಈ ಲೆಕ್ಕವೇ ಇತ್ತು.

ಬೆಲೆಯಲ್ಲೂ ಸೋನಿ ಹೊಡೆಯಿತು. 1995ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸಿನ ಇ3 ಗೇಮ್ ಮೇಳದಲ್ಲಿ ಸೆಗಾ ತನ್ನ ಸ್ಯಾಟರ್ನ್ ಮಷೀನ್ 399 ಡಾಲರಿಗೆ ಇವತ್ತಿಂದಲೇ ಸಿಗುತ್ತದೆ ಅಂತ ಹೇಳಿತು. ಅದೇ ದಿನ ಸೋನಿಯ ಸ್ಟೀವ್ ರೇಸ್ ವೇದಿಕೆಗೆ ಬಂದು "299" ಅಂತ ಒಂದೇ ಮಾತು ಹೇಳಿ ಇಳಿದು ಹೋದರು. ಅವಸರದಲ್ಲಿ ಸೆಗಾ ಕೆಲವೇ ಅಂಗಡಿಗಳಿಗೆ ಮಾಲು ಕೊಟ್ಟಿತ್ತು. ಸಿಗದ ಅಂಗಡಿಯವರು ಸಿಟ್ಟಾದರು. ಕನ್ಸೋಲ್ ಮಾರಿದರೆ ಅಂಗಡಿಯವರಿಗೂ ಉಳಿಯುವುದು ಅಷ್ಟಕ್ಕಷ್ಟೇ, ಅವರ ಲಾಭ ಗೇಮ್ ಮತ್ತು ಕಂಟ್ರೋಲರಿನಲ್ಲಿ. ಅಂಥವರನ್ನು ಎದುರು ಹಾಕಿಕೊಳ್ಳಬಾರದಿತ್ತು.

ಇನ್ನು ಮೈಕ್ರೋಸಾಫ್ಟ್. ಪ್ಲೇಸ್ಟೇಷನ್ 2 ಮನೆಯ ಹಾಲಿಗೆ ಬಂದು ಕೂತರೆ ನಾಳೆ ಕಂಪ್ಯೂಟರಿನ ಜಾಗವನ್ನೂ ಕಸಿಯುತ್ತೆ ಅನ್ನುವ ಭಯ ಅದಕ್ಕೆ. ಬೇಗ ಬರಬೇಕಿತ್ತು. ಇಂಟೆಲ್ ಪ್ರೊಸೆಸರ್, ಎನ್ವಿಡಿಯಾ ಗ್ರಾಫಿಕ್ಸ್, ಹಾರ್ಡ್ ಡಿಸ್ಕ್ ಎಲ್ಲ ಹೊರಗಿಂದ ಕೊಂಡು ಜೋಡಿಸಿ, 2001ರ ನವೆಂಬರಿನಲ್ಲಿ 299 ಡಾಲರಿಗೆ ಬಿಟ್ಟಿತು. ಮುಂದಿನ ವರ್ಷವೇ ಸೋನಿ ಬೆಲೆ ಇಳಿಸಿದಾಗ ಇದೂ 199ಕ್ಕೆ ಇಳಿಯಬೇಕಾಯಿತು. ಸೋನಿಯ ಚಿಪ್‌ಗಳು ಅದರವೇ. ವರ್ಷ ಕಳೆದಂತೆ ಚಿಕ್ಕದಾಗಿ, ಅಗ್ಗವಾಗಿ ಮಾಡಿಕೊಂಡಿತು. ಮೈಕ್ರೋಸಾಫ್ಟ್ ಚಿಪ್ ಬೆಲೆಗಾಗಿ ಎನ್ವಿಡಿಯಾ ಜೊತೆ ಪಂಚಾಯಿತಿಗೆ ಹೋಗಬೇಕಾಯಿತು. ಹ್ಯಾಲೋ ಗೇಮ್ ಮಾಡುತ್ತಿದ್ದ ಬಂಜೀ ಸ್ಟುಡಿಯೋವನ್ನು 2000ದಲ್ಲೇ ಕೊಂಡಿದ್ದರಿಂದ ಜನ ಮಷೀನ್ ಕೊಳ್ಳಲು ಒಂದು ಕಾರಣ ಇತ್ತು. ಆದರೂ ಮೊದಲ ಎಕ್ಸ್‌ಬಾಕ್ಸ್ ಮಾರಾಟ ಸುಮಾರು 2.4 ಕೋಟಿಗೆ ನಿಂತಿತು. ಪ್ಲೇಸ್ಟೇಷನ್ 2 ಹೋದದ್ದು 16 ಕೋಟಿ. ಎರಡನೇ ಮಷೀನಿನಲ್ಲಿ ಕೆಂಪು ದೀಪ ಉರಿದು ಸಾಯುವ ದೋಷ ಬಂದಾಗ, 2007ರಲ್ಲಿ ವಾರಂಟಿ ಖರ್ಚಿಗೆ ಅಂತ ನೂರು ಕೋಟಿ ಡಾಲರಿಗೂ ಹೆಚ್ಚು ತೆಗೆದಿಟ್ಟರು. ವಿಂಡೋಸ್ ಮತ್ತು ಆಫೀಸ್ ಲಾಭ ಹಿಂದೆ ಇಲ್ಲದಿದ್ದರೆ ಇದನ್ನು ತಡೆದುಕೊಳ್ಳುವ ಕಂಪನಿ ಯಾವುದಿದೆ?

ನಷ್ಟದ ಓಟದಲ್ಲಿ ಓಡದೆ ಗೆದ್ದವರೂ ಇದ್ದಾರೆ. ನಿಂಟೆಂಡೊದ ಗುನ್ಪೇ ಯೊಕೊಯಿ ಹಳೆಯದಾಗಿ ಅಗ್ಗವಾದ ತಂತ್ರಜ್ಞಾನವನ್ನು ಹೊಸ ರೀತಿ ಬಳಸಬೇಕು ಅನ್ನುತ್ತಿದ್ದರು. 1989ರ ಗೇಮ್ ಬಾಯ್ ಹಾಗೆ ಬಂತು. 2006ರ ವೀ ಕೂಡ ಅದೇ ದಾರಿ. 249 ಡಾಲರ್, ಸಾಧಾರಣ ಚಿಪ್, ಕೈ ಬೀಸಿ ಆಡುವ ರಿಮೋಟ್. ಅದು ಹತ್ತು ಕೋಟಿಗೂ ಹೆಚ್ಚು ಮಾರಾಟವಾಯಿತು.

ಹೊಸದಾಗಿ ಬಂದವರಲ್ಲಿ ನನಗೆ ಬಹಳ ಜಾಣತನ ಕಂಡದ್ದು ವಾಲ್ವ್ ಕಂಪನಿಯಲ್ಲಿ. ಕಂಪ್ಯೂಟರ್ ಗೇಮ್ ಮಾರುವ ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿ ಅವರದೇ. 2015ರ ಅವರ ಸ್ಟೀಮ್ ಮಷೀನ್ ನೆಲಕಚ್ಚಿತು. ಅದು ವಿಂಡೋಸ್ ಬದಲು ಲಿನಕ್ಸ್ ಮೇಲೆ ಓಡುತ್ತಿತ್ತು, ಲಿನಕ್ಸ್ ಮೇಲೆ ಓಡುವ ಗೇಮ್‌ಗಳೇ ಕಮ್ಮಿ ಇದ್ದವು. ಅವರು ಆಮೇಲೆ ವರ್ಷಗಟ್ಟಲೆ ಪ್ರೋಟಾನ್ ಅನ್ನುವ ಸಾಫ್ಟ್‌ವೇರ್ ಮೇಲೆ ಕೆಲಸ ಮಾಡಿದರು. ವಿಂಡೋಸ್‌ಗೆ ಮಾಡಿದ ಗೇಮ್ ಲಿನಕ್ಸ್ ಮೇಲೂ ಓಡುವಂತಾಯಿತು. 2022ರಲ್ಲಿ ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ 399 ಡಾಲರಿನಿಂದ ಶುರುವಾಗುವ ಬೆಲೆಗೆ ಬಂದಾಗ, ಜನ ಸ್ಟೀಮಿನಲ್ಲಿ ಮೊದಲೇ ಕೊಂಡಿಟ್ಟ ಎಷ್ಟೋ ಗೇಮ್‌ಗಳು ಮೊದಲ ದಿನವೇ ಅದರಲ್ಲಿ ಓಡಿದವು. ಎರಡೂ ಕಡೆ ಜನ ಇದ್ದ ಮೇಲೆ ಮಷೀನ್ ಬಂತು.

ನಮ್ಮ ಕಡೆ

ತೊಂಬತ್ತರ ದಶಕದಲ್ಲಿ ನಮ್ಮೂರಿನ ಅಂಗಡಿಗಳಲ್ಲೂ ಹಳದಿ ಕ್ಯಾಸೆಟ್ಟಿನ ಟಿವಿ ಗೇಮ್ ಸಿಗುತ್ತಿದ್ದವು. ನಿಂಟೆಂಡೊ ಮಷೀನಿನ ನಕಲು ಅವು. ಗೇಮೂ ನಕಲು. ಸಂಶೋಧನೆ ಖರ್ಚಿಲ್ಲ, ಯಾರಿಗೂ ಪಾಲು ಕೊಡಬೇಕಿಲ್ಲ, ಹಾಗಾಗಿ ಅವರು ಮಷೀನಿನಲ್ಲೇ ಲಾಭ ಮಾಡಿದರು. ಆಮೇಲೆ ಪ್ಲೇಸ್ಟೇಷನ್ 2 ಕಾಲದಲ್ಲಿ ಚಿಪ್ ಹಾಕಿಸಿ ನಕಲಿ ಡಿವಿಡಿ ಆಡುವುದು ಮಾಮೂಲಾಯಿತು. ಇದನ್ನು ಮೇಲಿನ ಲೆಕ್ಕಕ್ಕೆ ಹಾಕಿ ನೋಡಿ. ಐದನೇ ಗೇಮಿಗೆ ನಷ್ಟ ತೀರಬೇಕಾದ ಜಾಗದಲ್ಲಿ ಒಂದೂ ಅಸಲಿ ಗೇಮ್ ಹೋಗಲಿಲ್ಲ. ಪಾರ್ಲರಿನಲ್ಲೂ ಅಷ್ಟೇ, ಒಂದು ಡಿಸ್ಕಿನಲ್ಲಿ ಒಂದು ಕಾಲೇಜೇ ಆಡುತ್ತದೆ. ಹುಡುಗರನ್ನು ಬೈಯಲು ಮನಸ್ಸು ಬರುವುದಿಲ್ಲ. ಪ್ಲೇಸ್ಟೇಷನ್ 5 ಇಲ್ಲಿಗೆ 2021ರ ಫೆಬ್ರವರಿಯಲ್ಲಿ ಬಂದಾಗ ಡಿಸ್ಕ್ ಮಾಡೆಲ್ಲಿನ ಬೆಲೆ 49,990 ರೂಪಾಯಿ. ಅಷ್ಟು ದುಡ್ಡು ಎಷ್ಟು ಮನೆಗಳಲ್ಲಿ ಆಟಕ್ಕೆ ಅಂತ ತೆಗೆದಿಡಲು ಸಾಧ್ಯ?

ಮೊದಲೆಲ್ಲ ವರ್ಷ ಕಳೆದಂತೆ ಕನ್ಸೋಲ್ ಬೆಲೆ ಇಳಿಯುತ್ತಿತ್ತು. ಈಗ ಅದೂ ಇಲ್ಲ. ಅಮೆರಿಕದಲ್ಲಿ 499 ಡಾಲರಿಗೆ ಬಂದ ಪ್ಲೇಸ್ಟೇಷನ್ 5 ಬೆಲೆ 2025ರ ಆಗಸ್ಟಿನಲ್ಲಿ 549ಕ್ಕೆ ಏರಿತು. ಎಕ್ಸ್‌ಬಾಕ್ಸ್ ಬೆಲೆಯೂ ಅದೇ ವರ್ಷ ಏರಿದೆ. ಮೊದಲ ಎರಡು ವರ್ಷ ನಷ್ಟ ತಿಂದು ಆಮೇಲೆ ಖರ್ಚು ಇಳಿದಾಗ ಉಸಿರಾಡೋಣ ಅನ್ನುವ ಹಳೇ ಆಸೆಯೂ ಹೊಸಬರಿಗೆ ಉಳಿದಿಲ್ಲ.

ಆದ್ದರಿಂದ ಆ ಹುಡುಗರಿಗೆ ನಾನು ಹೇಳುವುದು, ಮಷೀನ್ ಬಿಡಿ, ಗೇಮ್ ಮಾಡಿ. ಪುಣೆಯ ನಾಡಿಂಗ್ ಹೆಡ್ಸ್ ಅನ್ನುವ ಚಿಕ್ಕ ತಂಡ 2020ರಲ್ಲಿ ರಾಜಿ ಅನ್ನುವ ಗೇಮ್ ಮಾಡಿತು. ನಮ್ಮ ಪುರಾಣದ ಲೋಕದಲ್ಲಿ ನಡೆಯುವ ಕತೆ. ಮೊದಲು ನಿಂಟೆಂಡೊ ಸ್ವಿಚ್‌ಗೆ ಬಂತು, ಆಮೇಲೆ ಕಂಪ್ಯೂಟರ್, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಎಲ್ಲದಕ್ಕೂ. ಮೂರು ಕಂಪನಿಗಳು ಸಾವಿರಾರು ಕೋಟಿ ಸುರಿದು ಕಟ್ಟಿದ ಅಂಗಡಿಗಳಲ್ಲಿ ಅದಕ್ಕೂ ಒಂದು ಕಪಾಟು ಸಿಕ್ಕಿತು. ಸ್ಟೀಮಿನಲ್ಲಿ ಒಂದು ಗೇಮ್ ಹಾಕಲು ಕಟ್ಟಬೇಕಾದ ಶುಲ್ಕ 100 ಡಾಲರ್. ಮಾರಾಟ 1,000 ಡಾಲರ್ ದಾಟಿದರೆ ಅದನ್ನೂ ವಾಪಸ್ ಕೊಡುತ್ತಾರೆ.